ಹಿಡಿದ ಬ್ರೇಕು ಬಿಡದಿದ್ದಾಗ

ಮುಂದಿನ ಬ್ರೇಕು ಹಿಡಿಯದಿದ್ದರೆ ಸವಾರನಿಗೆ ಆ ಕ್ಷಣವೇ ತಿಳಿಯುತ್ತದೆ. ಬಿಡದಿದ್ದರೆ ತಿಳಿಯಲು ದಿನಗಟ್ಟಲೆ ಬೇಕು. ಗಾಡಿ ಎಳೆಯುತ್ತಿಲ್ಲ ಎಂದು ಕಾರ್ಬುರೇಟರ್ ಬಿಚ್ಚಿಸುತ್ತಾರೆ, ಮೈಲೇಜ್ ಬರುತ್ತಿಲ್ಲ ಎಂದು ಪ್ಲಗ್ ಹಾಕಿಸುತ್ತಾರೆ, ಕ್ಲಚ್ ಪ್ಲೇಟ್ ಹೋಗಿರಬೇಕು ಎಂದು ಅನುಮಾನಪಡುತ್ತಾರೆ. ಅಷ್ಟರಲ್ಲಿ ಮುಂದಿನ ಡಿಸ್ಕ್ ಕಾದು ಕಾದು ನೀಲಿ ಬಣ್ಣಕ್ಕೆ ತಿರುಗಿರುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಓಡುವ ಡರ್ಟ್ ಬೈಕುಗಳು ನನ್ನ ಗ್ಯಾರೇಜಿಗೆ ಬರುತ್ತವೆ. ಹೀರೋ ಇಂಪಲ್ಸ್ ಬಂದ 2011ರಿಂದ ಈ ಜಾತಿಯ ಗಾಡಿಗಳು ನಮ್ಮಲ್ಲಿ ಕಣ್ಣಿಗೆ ಬೀಳತೊಡಗಿದವು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್ 200 ಬಂದ ಮೇಲಂತೂ ತೋಟದ ರೈಟರುಗಳಿಂದ ಹಿಡಿದು ಭಾನುವಾರ ಬೆಂಗಳೂರಿನಿಂದ ಬರುವ ಹುಡುಗರವರೆಗೆ ಎಲ್ಲರ ಕೈಯಲ್ಲೂ ಇವೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಕೆಂಪು ಮಣ್ಣಿನ ಕೆಸರು, ಡಿಸೆಂಬರ್ ಆದಮೇಲೆ ಅದೇ ಮಣ್ಣಿನ ನುಣುಪು ಧೂಳು. ಇವೆರಡೂ ಮುಂದಿನ ಬ್ರೇಕಿಗೆ ಮಾಡುವುದನ್ನು ದಿನವೂ ನೋಡುತ್ತೇನೆ. ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕು ಹಿಡಿಯಲು ಸವಾರನ ಬೆರಳಿನ ಬಲ ಇದೆ. ಬಿಡಲು ಅಂಥ ಬಲ ಯಾವುದೂ ಇಲ್ಲ. ಮೇಲೆ ಒಂದು ಸೂಜಿಮೊನೆಯಷ್ಟು ತೂತು, ಕೆಳಗೆ ಒಂದು ರಬ್ಬರ್ ಉಂಗುರ, ಪಕ್ಕದಲ್ಲಿ ಸಲೀಸಾಗಿ ಜಾರಬೇಕಾದ ಎರಡು ಪಿನ್ನು, ಇಷ್ಟರ ಮೇಲೆ ಬಿಡುವ ಕೆಲಸವೆಲ್ಲ ನಿಂತಿದೆ. ಬ್ರೇಕು ಹಿಡಿದುಕೊಂಡಿದೆ ಎಂದ ಕೂಡಲೇ ಪ್ಯಾಡ್ ಬದಲಿಸುವ ಮೆಕ್ಯಾನಿಕ್ ಇವು ಯಾವುದನ್ನೂ ಮುಟ್ಟಿರುವುದಿಲ್ಲ.

1. ಬಿಸಿಯಲ್ಲಿ ಹಿಡಿಯುತ್ತದೋ, ತಣ್ಣಗಿದ್ದಾಗಲೂ ಹಿಡಿದಿದೆಯೋ ಕೇಳಿ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಇದು. ಬೆಳಿಗ್ಗೆ ಗಾಡಿ ತಳ್ಳಿದರೆ ಸಲೀಸಾಗಿ ಹೋಗುತ್ತದೆ, ನಾಲ್ಕೈದು ಕಿಲೋಮೀಟರ್ ಓಡಿಸಿದ ಮೇಲೆ ಬಿಗಿಯುತ್ತದೆ, ಚಹಾ ಕುಡಿದು ಬರುವಷ್ಟರಲ್ಲಿ ತಾನಾಗಿಯೇ ಬಿಟ್ಟಿರುತ್ತದೆ ಎಂದರೆ ದೋಷ ಹೆಚ್ಚಾಗಿ ಹ್ಯಾಂಡಲ್ ಮೇಲಿದೆ, ಲಿವರ್ ಮತ್ತು ಮಾಸ್ಟರ್ ಸಿಲಿಂಡರ್ ಕಡೆ. ಬ್ರೇಕ್ ಆಯಿಲ್ ಕಾದಾಗ ಹಿಗ್ಗುತ್ತದೆ. ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ದಾರಿ ಮುಚ್ಚಿದ್ದರೆ ಅದು ಪ್ಯಾಡನ್ನೇ ಒತ್ತುತ್ತದೆ. ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ, ಆ ಬಿಸಿಗೆ ಇನ್ನಷ್ಟು ಒತ್ತಡ. ಕೊನೆಗೆ ಚಕ್ರ ಲಾಕ್ ಆಗುತ್ತದೆ.

ರಾತ್ರಿಯೆಲ್ಲ ನಿಂತ ಗಾಡಿಯೂ ಬೆಳಿಗ್ಗೆ ತಳ್ಳಲು ಬಾರದಷ್ಟು ಬಿಗಿಯಾಗಿದ್ದರೆ ದೋಷ ಕೆಳಗೆ, ಕ್ಯಾಲಿಪರ್, ಪಿನ್ನು, ಆಕ್ಸಲ್ ಇವುಗಳಲ್ಲಿ ಎಲ್ಲೋ ಇದೆ. ಚಕ್ರ ತಿರುಗುವಾಗ ಒಂದು ಜಾಗದಲ್ಲಿ ಮಾತ್ರ ಉಜ್ಜಿ ಮತ್ತೆ ಸಡಿಲವಾಗುತ್ತಿದ್ದರೆ ಡಿಸ್ಕ್ ಸೊಟ್ಟಗಾಗಿದೆ.

ಇದರ ಜೊತೆ ಇನ್ನೊಂದನ್ನೂ ತಿಳಿದಿರಬೇಕು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಯಾವಾಗಲೂ ಡಿಸ್ಕಿಗೆ ತುಸು ತಾಗಿಕೊಂಡೇ ಇರುತ್ತದೆ. ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದಾಗ ಸಣ್ಣಗೆ ಸರ್ ಎಂದು ಸದ್ದು ಬಂದು, ಒಂದೆರಡು ಸುತ್ತು ತಿರುಗಿ ನಿಂತರೆ ಅದು ರೋಗವಲ್ಲ. ಸೈಕಲ್ ಚಕ್ರದ ಹಾಗೆ ತಿರುಗುತ್ತಲೇ ಇರಬೇಕು ಎಂದು ಹಟ ಹಿಡಿದು ಸರಿ ಇರುವ ಬ್ರೇಕನ್ನು ಬಿಚ್ಚಿಸುವವರಿದ್ದಾರೆ. ಅಂಥವರನ್ನು ನಾನು ಮನೆಗೆ ಕಳಿಸುತ್ತೇನೆ.

2. ಮೇಲಿನಿಂದ ಕೆಳಕ್ಕೆ ಒತ್ತಡ ಬಿಡುತ್ತ ಬನ್ನಿ

ಬ್ರೇಕು ಹಿಡಿದುಕೊಂಡಿರುವಾಗಲೇ ಮಾಡಬೇಕಾದ ಪರೀಕ್ಷೆ ಇದು. ತಣ್ಣಗಾಗಿ ಬಿಟ್ಟ ಮೇಲೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಚಕ್ರ ನೆಲದಿಂದ ಎತ್ತಿ ನಿಲ್ಲಿಸಿ, ಒಬ್ಬರು ಚಕ್ರ ತಿರುಗಿಸಲು ನೋಡುತ್ತಿರಲಿ.

ಮೊದಲು ಲಿವರಿನ ಪಿವೋಟ್ ಬೋಲ್ಟ್ ತೆಗೆದು ಲಿವರನ್ನೇ ಈಚೆ ಎಳೆಯಿರಿ. ಚಕ್ರ ಬಿಟ್ಟರೆ ದೋಷ ಲಿವರಿನದು. ಬಿಡದಿದ್ದರೆ ಮಾಸ್ಟರ್ ಸಿಲಿಂಡರಿಗೆ ಹೋಸ್ ಸೇರುವಲ್ಲಿರುವ ಬ್ಯಾಂಜೋ ಬೋಲ್ಟಿನ ಸುತ್ತ ಬಟ್ಟೆ ಸುತ್ತಿ, ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಜಿನುಗಿ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿದೆ. ಆಗಲೂ ಬಿಡದಿದ್ದರೆ ಬ್ಯಾಂಜೋ ಬಿಗಿ ಮಾಡಿ, ಕೆಳಗೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ ತೆರೆಯಿರಿ. ಸಾಮಾನ್ಯವಾಗಿ 8 ಎಂಎಂ ಸ್ಪ್ಯಾನರ್ ಸಾಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಸಿಕ್ಕಿಕೊಂಡಿರುವುದು ನಡುವಿನ ಹೋಸಿನಲ್ಲಿ. ನಿಪ್ಪಲ್ ತೆರೆದರೂ ಚಕ್ರ ಬಿಡಲಿಲ್ಲ ಎಂದಾದರೆ ಆಯಿಲ್ ಒತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಪಿಸ್ಟನ್, ಪಿನ್ನು, ಪ್ಯಾಡು, ಡಿಸ್ಕು, ಆಕ್ಸಲ್ ಇಷ್ಟನ್ನೇ ನೋಡಿ.

ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಕ್ಯಾಲಿಪರ್ ಕಿಟ್ ತರಿಸಿ, ಅದು ಆಗಲಿಲ್ಲ ಎಂದು ಮಾಸ್ಟರ್ ಸಿಲಿಂಡರ್ ತರಿಸಿ, ಗಿರಾಕಿಯ ದುಡ್ಡು ಕಳೆಯುವುದು ಅನ್ಯಾಯ. ಒಂದು ಎಚ್ಚರಿಕೆ: ಬ್ಯಾಂಜೋ ಬೋಲ್ಟ್ ಪೂರ್ತಿ ಬಿಚ್ಚಿದರೆ ಎರಡು ಬದಿಯ ತಾಮ್ರದ ವಾಷರುಗಳನ್ನು ಹೊಸದು ಹಾಕಿ, ಗಾಳಿ ತೆಗೆದೇ ಗಾಡಿ ಕೊಡಬೇಕು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಟ್ಯಾಂಕಿನ ಮೇಲೆ ಬಿದ್ದರೆ ಆಗಲೇ ನೀರು ಹಾಕಿ ತೊಳೆಯಿರಿ.

3. ಲಿವರಿಗೆ ಆಟ ಇರಲೇಬೇಕು

ಲಿವರ್ ಒತ್ತತೊಡಗಿದಾಗ ಮೊದಲ ಒಂದಿಷ್ಟು ದೂರ ಏನೂ ಆಗದೆ ಖಾಲಿ ಚಲಿಸಬೇಕು. ಆ ಖಾಲಿ ಚಲನೆ ಇದ್ದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಕೂರುತ್ತದೆ. ಬ್ರೇಕು ಶಾರ್ಪ್ ಆಗಿರಲಿ ಎಂದು ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ ಈ ಆಟವನ್ನೇ ಇಲ್ಲವಾಗಿಸುತ್ತಾರೆ. ಪೇಟೆಯಲ್ಲಿ ಸಿಗುವ ಬಣ್ಣಬಣ್ಣದ ಮಡಚುವ ಲಿವರುಗಳಲ್ಲಿ ಪಿಸ್ಟನ್ನಿಗೆ ತಾಗುವ ಮೂಗು ಅಳತೆಗಿಂತ ತುಸು ಉದ್ದ ಇದ್ದರೂ ಇದೇ ಕಥೆ.

ಡರ್ಟ್ ಬೈಕಿಗೇ ವಿಶೇಷವಾದ ಇನ್ನೊಂದು ಕಾರಣ ಹ್ಯಾಂಡ್ ಗಾರ್ಡ್. ಗಾಡಿ ಬಿದ್ದಾಗ ಗಾರ್ಡಿನ ಕ್ಲಾಂಪ್ ತಿರುಗಿ ಲಿವರಿಗೆ ಒತ್ತಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಇರುವಂತೆ ಕಾಣುತ್ತದೆ. ಬಗ್ಗಿ ಲಿವರಿನ ಬುಡದಲ್ಲಿ ಬೆರಳಿಟ್ಟರೆ ತಿಳಿಯುತ್ತದೆ. ಬಿದ್ದು ಎದ್ದ ಗಾಡಿ ಬಂದರೆ ನಾನು ಮೊದಲು ಗಾರ್ಡ್ ಬಿಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಬ್ರೇಕ್ ನೋಡುತ್ತೇನೆ. ಪಿವೋಟ್ ಬೋಲ್ಟಿನ ಸುತ್ತ ಕೆಸರು ಒಣಗಿ ಲಿವರ್ ನಿಧಾನಕ್ಕೆ ವಾಪಸಾಗುವುದೂ ಮಳೆಗಾಲದಲ್ಲಿ ಸಾಮಾನ್ಯ. ಬಿಚ್ಚಿ, ಒರೆಸಿ, ಚೂರು ಗ್ರೀಸ್ ಹಚ್ಚಿದರೆ ಆಯಿತು.

ಸವಾರರಿಗೂ ಒಂದು ಮಾತು. ಬಿಸಿಲೆ ಘಾಟಿ, ಚಾರ್ಮಾಡಿ ಇಳಿಯುವಾಗ ಬೆರಳು ಲಿವರಿನ ಮೇಲೆ ಇರಲಿ, ಆದರೆ ಒತ್ತಿಕೊಂಡೇ ಇರಬಾರದು. ಹಿಡಿಯಿರಿ, ಪೂರ್ತಿ ಬಿಡಿ, ಮತ್ತೆ ಹಿಡಿಯಿರಿ. ಇಳಿಜಾರನ್ನು ಗೇರಿನಲ್ಲಿ ಇಳಿಯಿರಿ.

4. ಮಾಸ್ಟರ್ ಸಿಲಿಂಡರಿನ ಸಣ್ಣ ತೂತು

ಬಿಸಿಯಾದಾಗ ಹಿಡಿಯುವ ಬ್ರೇಕುಗಳಲ್ಲಿ ಲಿವರ್ ಸರಿ ಇದ್ದರೆ ಕಳ್ಳ ಸಿಗುವುದು ಇಲ್ಲಿ. ಆಯಿಲ್ ಡಬ್ಬಿಯ ತಳದಲ್ಲಿ ಎರಡು ತೂತುಗಳಿರುತ್ತವೆ. ದೊಡ್ಡದು ಆಯಿಲ್ ಒಳಗೆ ಹೋಗಲು. ಪಕ್ಕದ ಸಣ್ಣದು ಲಿವರ್ ಬಿಟ್ಟಾಗ ಒತ್ತಡ ವಾಪಸ್ ಬರಲು. ಸಣ್ಣದು ನಿಜಕ್ಕೂ ಸಣ್ಣದು, ಬಹಳ ಗಾಡಿಗಳಲ್ಲಿ ಟಾರ್ಚ್ ಹಾಕಿ ಹುಡುಕಬೇಕು. ಕೆಲವದರಲ್ಲಿ ಅದರ ಮೇಲೆ ಪುಟ್ಟ ತಗಡಿನ ಮುಚ್ಚಳವೂ ಇರುತ್ತದೆ, ಅದನ್ನು ಮೆಲ್ಲಗೆ ಎಬ್ಬಿಸಬೇಕು. ಹಳೆಯ ಆಯಿಲ್ ಗಟ್ಟಿಯಾಗಿ ಜೆಲ್ಲಿಯಂತೆ, ಕೆಲವೊಮ್ಮೆ ಸಣ್ಣ ಹರಳುಗಳಂತೆ ಆಗಿ ಈ ತೂತಿನಲ್ಲಿ ಕೂರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಇದು ಖಂಡಿತ ಇರುತ್ತದೆ ಎಂದೇ ಹೊರಡಬಹುದು.

ಪರೀಕ್ಷೆ ಸುಲಭ. ಡಬ್ಬಿಯ ಸುತ್ತ ಬಟ್ಟೆ ಹರಡಿ, ಮುಚ್ಚಳ ಮತ್ತು ಒಳಗಿನ ರಬ್ಬರ್ ತೆಗೆಯಿರಿ. ಲಿವರನ್ನು ಮೆತ್ತಗೆ ಒತ್ತಿ. ಒತ್ತುವ ಶುರುವಿನಲ್ಲೇ ಆ ಸಣ್ಣ ತೂತಿನಿಂದ ಆಯಿಲ್ ಬುಗ್ಗೆಯಾಗಿ ಮೇಲೆದ್ದರೆ ದಾರಿ ತೆರೆದಿದೆ. ಜೋರಾಗಿ ಒತ್ತಿದರೆ ಮುಖಕ್ಕೇ ಚಿಮ್ಮುತ್ತದೆ, ಕನ್ನಡಕ ಹಾಕಿಕೊಂಡು ಮಾಡಿ. ಬುಗ್ಗೆ ಏಳಲೇ ಇಲ್ಲ ಎಂದರೆ ತೂತು ಕಟ್ಟಿದೆ, ಇಲ್ಲವೇ ಒಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ ಅದರ ರಬ್ಬರ್ ಕಪ್ ತೂತನ್ನು ಮುಚ್ಚಿಕೊಂಡು ಕೂತಿದೆ.

ತೂತು ಬಿಡಿಸಲು ನಾನು ಬಳಸುವುದು ಹಳೆಯ ಆಕ್ಸಿಲರೇಟರ್ ಕೇಬಲಿನಿಂದ ಬಿಡಿಸಿಕೊಂಡ ಒಂದೇ ಒಂದು ಎಳೆ ತಂತಿ. ಅದನ್ನು ನೇರವಾಗಿ ಇಳಿಸಿ ಎರಡು ಸಲ ಆಡಿಸಿದರೆ ಸಾಕು. ಹೊಲಿಗೆ ಸೂಜಿ, ಡ್ರಿಲ್ ಬಿಟ್ ಇವನ್ನು ಯಾವ ಕಾರಣಕ್ಕೂ ಹಾಕಬೇಡಿ. ತೂತಿನ ಅಂಚು ಒಳಗಡೆ ಚೂಪಾಗಿ ಎದ್ದರೆ ಪ್ರತಿ ಸಲ ಲಿವರ್ ಒತ್ತಿದಾಗಲೂ ರಬ್ಬರ್ ಕಪ್ಪನ್ನು ಕೊಯ್ಯುತ್ತದೆ. ಆಮೇಲೆ ಬ್ರೇಕೇ ಇರುವುದಿಲ್ಲ. ತಂತಿ ಆಡಿಸುವುದೂ ರೋಗ ಗುರುತಿಸುವ ಮಟ್ಟಿಗೆ ಮಾತ್ರ. ಒಂದು ಸಲ ಕಟ್ಟಿದ ಸಿಲಿಂಡರಿನಲ್ಲಿ ಆ ಕೊಳೆ ಬೇರೆ ಕಡೆಯೂ ಇದ್ದೇ ಇರುತ್ತದೆ. ಸರ್ಕ್ಲಿಪ್ ತೆಗೆದು ಪಿಸ್ಟನ್, ಸ್ಪ್ರಿಂಗ್ ಹೊರಗೆ ತಂದು, ಒಳಗಿನ ಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಗೀರು, ಗುಳಿ ಇಲ್ಲದಿದ್ದರೆ ಹೊಸ ಕಿಟ್ ಸಾಕು. ಇದ್ದರೆ ಸಿಲಿಂಡರ್ ಬದಲಿಸುವುದೊಂದೇ ದಾರಿ. ಎಮರಿ ಪೇಪರ್ ಹಾಕಿ ಉಜ್ಜಿ ಕೊಡುವವರನ್ನು ನಾನು ನಂಬುವುದಿಲ್ಲ.

5. ಡಬ್ಬಿಯ ಕಂಠದವರೆಗೆ ಆಯಿಲ್ ತುಂಬಬೇಡಿ

ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಆಯಿಲ್ ಇಳಿಯುವುದು ಸಹಜ. ಇಳಿದಿದೆ ಎಂದು ಮೇಲೆ ತುಂಬಿಸಿ, ಮುಂದಿನ ತಿಂಗಳು ಹೊಸ ಪ್ಯಾಡ್ ಹಾಕಿ ಪಿಸ್ಟನ್ ಹಿಂದಕ್ಕೆ ಒತ್ತಿದರೆ ಆ ಆಯಿಲ್ ಎಲ್ಲಿಗೆ ಹೋಗಬೇಕು? ಡಬ್ಬಿ ತುಂಬಿ, ಹಿಗ್ಗಲು ಜಾಗವಿಲ್ಲದೆ ಬ್ರೇಕು ಹಿಡಿಯುತ್ತದೆ. ಮೇಲಿನ ಗೆರೆ ದಾಟಬಾರದು.

6. ಪಿಸ್ಟನ್ನನ್ನು ಹಿಂದಕ್ಕೆ ತರುವುದು ರಬ್ಬರ್ ಉಂಗುರ

"ಅಣ್ಣ, ಪ್ಯಾಡ್ ಹೊಸದು ಹಾಕ್ಸಿ ಇನ್ನೂ ವಾರ ಆಗಿಲ್ಲ. ಮೊದ್ಲು ಚೆನ್ನಾಗೇ ಇತ್ತು, ಈಗ ಹಿಡ್ಕೊಂಡ್ಬಿಟ್ಟಿದೆ. ಪ್ಯಾಡೇ ಡೂಪ್ಲಿಕೇಟ್ ಕೊಟ್ರಾ?" ಹೀಗೆ ಕೇಳಿಕೊಂಡು ಬರುವ ಹುಡುಗರು ಬಹಳ. ಪ್ಯಾಡ್ ಬಹುತೇಕ ಸರಿಯೇ ಇರುತ್ತದೆ. ಅದನ್ನು ಹಾಕಿದ ಕ್ರಮ ಸರಿ ಇರುವುದಿಲ್ಲ.

ಕ್ಯಾಲಿಪರಿನ ಒಳಗೆ ಪಿಸ್ಟನ್ನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕ ಅಂಚಿನ ರಬ್ಬರ್ ಸೀಲ್ ಒಂದಿದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತ ಆ ಸೀಲನ್ನು ಕೂದಲೆಳೆಯಷ್ಟು ತಿರುಚುತ್ತದೆ. ಬಿಟ್ಟಾಗ ಸೀಲ್ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಅಷ್ಟೇ ದೂರ ಹಿಂದಕ್ಕೆ ತರುತ್ತದೆ. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಸೀಲಿನೊಳಗೆ ಜಾರಿ ಮುಂದೆ ಬಂದು ನಿಲ್ಲುತ್ತದೆ. ಡಿಸ್ಕ್ ಬ್ರೇಕಿಗೆ ಆಗಾಗ ಅಡ್ಜಸ್ಟ್‌ಮೆಂಟ್ ಬೇಡ ಎನ್ನುವುದು ಇದೇ ಕಾರಣಕ್ಕೆ.

ಈಗ ಯೋಚಿಸಿ. ಹಳೆಯ ಪ್ಯಾಡ್ ಪೂರ್ತಿ ಸವೆಯುವ ಹೊತ್ತಿಗೆ ಪಿಸ್ಟನ್ನಿನ ಬಹುಭಾಗ ಹೊರಗಿರುತ್ತದೆ. ಅದರ ಮೇಲೆ ನಮ್ಮ ಕೆಂಪು ಮಣ್ಣು, ಪ್ಯಾಡಿನ ಕಪ್ಪು ಪುಡಿ ಸೇರಿ ಕಾದು ಹೆಂಚಿನಂತೆ ಗಟ್ಟಿಯಾಗಿರುತ್ತದೆ. ಹೊಸ ಪ್ಯಾಡಿಗೆ ಜಾಗ ಬೇಕೆಂದು ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಪಿಸ್ಟನ್ನನ್ನು ಹಾಗೇ ಒಳಕ್ಕೆ ನೂಕಿದರೆ ಆ ಕೊಳೆಯೆಲ್ಲ ಸೀಲಿನ ಕೆಳಗೆ ಹೋಗಿ ಕೂರುತ್ತದೆ. ಅಂದಿನಿಂದ ಸೀಲಿಗೆ ತಿರುಚಲೂ ಆಗದು, ಮರಳಲೂ ಆಗದು.

ಸರಿಯಾದ ಕ್ರಮ ಹೀಗೆ. ಕ್ಯಾಲಿಪರನ್ನು ಫೋರ್ಕಿನಿಂದ ಬಿಚ್ಚಿ, ಹೋಸ್ ಇದ್ದ ಹಾಗೇ ಇರಲಿ. ಪ್ಯಾಡ್ ತೆಗೆಯಿರಿ. ಪಿಸ್ಟನ್ ಪೂರ್ತಿ ಹಾರಿ ಬೀಳದಂತೆ ನಡುವೆ ಮರದ ತುಂಡು ಇಟ್ಟು, ಲಿವರ್ ಮೆಲ್ಲಗೆ ಒತ್ತಿ ಪಿಸ್ಟನ್ ತುಸು ಹೊರಗೆ ತನ್ನಿ. ಸೋಪಿನ ನೀರು, ಹಳೆಯ ಟೂತ್ ಬ್ರಷ್ ತೆಗೆದುಕೊಂಡು ಸುತ್ತಲೂ ಉಜ್ಜಿ. ಹಿಂಬದಿಗೆ ಬ್ರಷ್ ಹೋಗದಿದ್ದರೆ ಬನಿಯನ್ ಬಟ್ಟೆಯ ಪಟ್ಟಿ ಹಾಕಿ ಆಚೀಚೆ ಎಳೆಯಿರಿ. ಒಣಗಿಸಿ, ಹೊಸ ಬ್ರೇಕ್ ಆಯಿಲಿನ ಒಂದೆರಡು ಹನಿ ಸವರಿ, ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ. ಮತ್ತೆ ಹೊರಗೆ, ಮತ್ತೆ ಒಳಗೆ. ಹೆಬ್ಬೆರಳಿಗೇ ಪಿಸ್ಟನ್ ಒಳಗೆ ಹೋಗುವಂತಾದರೆ ಬ್ರೇಕು ಸರಿಯಾಯಿತೆಂದೇ ಲೆಕ್ಕ. ಎರಡು ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಸಡಿಲವಾದದ್ದೇ ಮುಂದೆ ಬರುತ್ತಿರುತ್ತದೆ, ಬಿಗಿಯಾದದ್ದು ಕದಲುವುದೇ ಇಲ್ಲ. ಸಡಿಲವಾದದ್ದನ್ನು ಕ್ಲಾಂಪ್ ಹಾಕಿ ಹಿಡಿದು, ಇನ್ನೊಂದನ್ನು ಹೊರಡಿಸಿ.

ಇಷ್ಟಕ್ಕೂ ಜಗ್ಗದಿದ್ದರೆ ಪಿಸ್ಟನ್ ಪೂರ್ತಿ ಹೊರಗೆ ತೆಗೆಯಬೇಕು. ಕಂಪ್ರೆಸರ್ ಗಾಳಿ ಹಾಕಿ ಹಾರಿಸುವ ಪದ್ಧತಿ ಎಷ್ಟೋ ಗ್ಯಾರೇಜುಗಳಲ್ಲಿದೆ. ದಯವಿಟ್ಟು ಬೇಡ, ಆ ಪಿಸ್ಟನ್ ಬೆರಳು ಮುರಿಯಬಲ್ಲದು. ಬ್ರೇಕಿನ ಆಯಿಲ್ ಒತ್ತಡದಲ್ಲೇ ಪಂಪ್ ಮಾಡುತ್ತ ಹೊರಗೆ ತನ್ನಿ. ಹೊರಬಂದ ಪಿಸ್ಟನ್ನಿನ ಮೇಲೆ ಕಲೆ ಇದ್ದರೆ ಮೆಟಲ್ ಪಾಲಿಶ್ ಹಾಕಿ ತೆಗೆಯಬಹುದು. ತುಕ್ಕಿನ ಗುಳಿ ಇದ್ದರೆ ಹೊಸದೇ ಆಗಬೇಕು. ಸೀಲುಗಳನ್ನು ತೆಗೆದ ಮೇಲೆ ಅವು ಕೂರುವ ಜಾಗವನ್ನು, ಅಂದರೆ ಕ್ಯಾಲಿಪರಿನ ಒಳಗೋಡೆಯಲ್ಲಿ ಕೊರೆದ ಆ ಹಳ್ಳವನ್ನು, ಬೆಳಕು ಹಾಕಿ ನೋಡಿ. ಅಲ್ಯೂಮಿನಿಯಂ ಕಿಲುಬು ಹಿಡಿದು ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಹೊಸ ಸೀಲ್ ಹಾಕಿದರೂ ಬ್ರೇಕು ಹಿಡಿಯುತ್ತಲೇ ಇದೆ ಎಂದು ತಲೆ ಕೆರೆದುಕೊಳ್ಳುವವರು ಬಿಟ್ಟುಬಿಡುವ ಜಾಗ ಇದೇ. ಆ ಪುಡಿ ಸೀಲನ್ನು ಕೆಳಗಿನಿಂದ ಎತ್ತಿ ಪಿಸ್ಟನ್ನಿಗೆ ಒತ್ತುತ್ತದೆ. ಹಿತ್ತಾಳೆಯ ಸಣ್ಣ ಕಡ್ಡಿಯಿಂದ ತಾಳ್ಮೆಯಾಗಿ ಕೆರೆದು ತೆಗೆಯಿರಿ. ಕಬ್ಬಿಣದ ಚೂಪು ಬೇಡ.

7. ಪಿನ್ನು ಜಾರಬೇಕು

ಹಿಮಾಲಯನ್, ಎಕ್ಸ್‌ಪಲ್ಸ್ ಸೇರಿದಂತೆ ನಮ್ಮ ಬಹುತೇಕ ಗಾಡಿಗಳಲ್ಲಿ ಪಿಸ್ಟನ್ ಇರುವುದು ಕ್ಯಾಲಿಪರಿನ ಒಂದೇ ಬದಿಗೆ. ಪಿಸ್ಟನ್ ತನ್ನ ಕಡೆಯ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಆಚೆಯ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ನು ಜಾರದಿದ್ದರೆ ಬಿಟ್ಟ ಮೇಲೂ ಆಚೆಯ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಒಂದು ಪ್ಯಾಡ್ ಹೆಚ್ಚು ಸವೆದು ಇನ್ನೊಂದು ಉಳಿದಿದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಪಿನ್ನನ್ನು ಅನುಮಾನಿಸಿ.

ಪಿನ್ನಿನ ರಬ್ಬರ್ ಬೂಟ್ ಒಂದು ಕಡೆ ಹರಿದರೆ ಮುಗಿಯಿತು, ನೀರು ಒಳಗೆ ಸೇರುತ್ತದೆ. ವಾಟರ್ ಸರ್ವಿಸ್‌ನವರು ಪ್ರೆಶರ್ ಗನ್ನನ್ನು ಕ್ಯಾಲಿಪರಿಗೆ ಹತ್ತಿರ ಹಿಡಿದರೆ ಹರಿಯದ ಬೂಟಿನೊಳಗೂ ನೀರು ನುಗ್ಗುತ್ತದೆ. ಗಾಡಿಯ ಕೆಸರು ತೊಳೆಯುವಾಗ ಕ್ಯಾಲಿಪರ್, ವೀಲ್ ಬೇರಿಂಗ್ ಕಡೆ ಗನ್ ತಿರುಗಿಸಬೇಡಿ ಎಂದು ಅಲ್ಲೇ ನಿಂತು ಹೇಳಿ. ಪಿನ್ನು ಎಳೆದು ತೆಗೆದು ಹಳೆಯ ಗ್ರೀಸ್ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಕೆಲವು ಕ್ಯಾಲಿಪರುಗಳಲ್ಲಿ ಎರಡು ಪಿನ್ನು ಒಂದೇ ಥರ ಇರುವುದಿಲ್ಲ, ಅದಲು ಬದಲು ಮಾಡಬೇಡಿ. ಪ್ಯಾಡಿನ ಕಿವಿಗಳು ಕೂರುವ ತಗಡು, ಪ್ಯಾಡ್ ಹಿಡಿಯುವ ಪಿನ್ನು ಇವುಗಳಲ್ಲೂ ತುಕ್ಕಿನ ಮೆಟ್ಟಿಲು ಬಿದ್ದಿರುತ್ತದೆ. ಕೈ ಹಾಕಿದಾಗಲೇ ಅದನ್ನೂ ನೋಡಿ.

8. ಪೆಟ್ರೋಲ್, ಡೀಸೆಲ್, ಚೇನ್ ಗ್ರೀಸ್ ಹತ್ತಿರ ತರಬೇಡಿ

ನಮ್ಮ ಗ್ಯಾರೇಜುಗಳಲ್ಲಿ ಯಾವುದನ್ನು ತೊಳೆಯುವುದಿದ್ದರೂ ಪೆಟ್ರೋಲ್ ಬಟ್ಟಲಿಗೆ ಹಾಕುವುದು ರೂಢಿ. ಬ್ರೇಕಿನ ರಬ್ಬರ್ ಬೇರೆ ಜಾತಿಯದು. ಅದು ಗ್ಲೈಕಾಲ್ ಬ್ರೇಕ್ ಆಯಿಲಿಗೆ ಒಗ್ಗುತ್ತದೆ, ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ಊದಿದ ರಬ್ಬರ್ ಕಪ್ಪು ಮೇಲಿನ ಸಣ್ಣ ತೂತು ಮುಚ್ಚುತ್ತದೆ, ಊದಿದ ಸೀಲು ಪಿಸ್ಟನ್ನನ್ನು ಬಿಗಿಯುತ್ತದೆ. ಡಬ್ಬಿಗೆ ತಪ್ಪಿ ಇಂಜಿನ್ ಆಯಿಲ್ ಸುರಿದ ಗಾಡಿಗೆ ಬರೀ ಆಯಿಲ್ ಬದಲಿಸಿದರೆ ಸಾಲದು. ಒಳಗಿನ ರಬ್ಬರ್ ಭಾಗಗಳನ್ನು ಮೇಲಿಂದ ಕೆಳಗಿನವರೆಗೆ, ಹೋಸನ್ನೂ ಸೇರಿಸಿ, ಬದಲಿಸಬೇಕು. ಖರ್ಚಿನ ಮಾತು ಬಂದಾಗ ಗಿರಾಕಿಗೆ ಬೇಸರವಾಗುತ್ತದೆ. ಆದರೂ ಇದರಲ್ಲಿ ನಾನು ರಾಜಿ ಆಗುವುದಿಲ್ಲ.

9. ಪಂಕ್ಚರ್ ಹಾಕಿಸಿದ ದಿನದಿಂದ ಹಿಡಿಯುತ್ತಿದೆಯೇ?

ಹಾಗಾದರೆ ಬ್ರೇಕನ್ನು ಬಿಚ್ಚಲೇ ಬೇಡಿ. ಚಕ್ರ ವಾಪಸ್ ಹಾಕಿದ್ದನ್ನು ನೋಡಿ. ಮುಂದಿನ ಚಕ್ರದ ಎರಡು ಬದಿಯ ಸ್ಪೇಸರುಗಳು ಹಲವು ಗಾಡಿಗಳಲ್ಲಿ ಬೇರೆ ಬೇರೆ ಉದ್ದದವು. ಎಡದ್ದು ಬಲಕ್ಕೆ ಹೋದರೆ ಡಿಸ್ಕ್ ಕ್ಯಾಲಿಪರಿನ ಮಧ್ಯದಿಂದ ಪಕ್ಕಕ್ಕೆ ಸರಿಯುತ್ತದೆ.

ಮೋಟೋಕ್ರಾಸ್ ಮಾದರಿಯ ಫೋರ್ಕುಗಳಲ್ಲಿ ಆಕ್ಸಲ್ ತುದಿಯನ್ನು ಹಿಡಿಯುವ ಪಿಂಚ್ ಬೋಲ್ಟುಗಳಿರುತ್ತವೆ. ಮೊದಲು ಆಕ್ಸಲ್ ನಟ್ಟು ಬಿಗಿ ಮಾಡಿ. ಪಿಂಚ್ ಬೋಲ್ಟ್ ಸಡಿಲವಾಗಿಯೇ ಇಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಜೋರಾಗಿ ನಾಲ್ಕೈದು ಸಲ ಕೆಳಕ್ಕೆ ಒತ್ತಿ. ಫೋರ್ಕಿನ ಕಾಲು ತನಗೆ ಬೇಕಾದ ಜಾಗಕ್ಕೆ ತಾನೇ ಬಂದು ನಿಲ್ಲುತ್ತದೆ. ಆಗ ಪಿಂಚ್ ಬೋಲ್ಟ್ ಬಿಗಿಯಿರಿ. ಇದನ್ನು ಬಿಟ್ಟರೆ ಫೋರ್ಕ್ ಕಾಲು ಓರೆಯಾಗಿ ಸಿಕ್ಕಿಕೊಂಡು, ಕ್ಯಾಲಿಪರ್ ಡಿಸ್ಕಿಗೆ ಓರೆಯಾಗಿ ನಿಲ್ಲುತ್ತದೆ. ಶಾಕ್ಸ್ ಗಟ್ಟಿಯಾಗಿದೆ ಎನ್ನುವ ದೂರೂ ಜೊತೆಗೇ ಬರುತ್ತದೆ. ಎರಡಕ್ಕೂ ಔಷಧ ಒಂದೇ.

10. ಡಿಸ್ಕ್ ಸೊಟ್ಟವೇ ಎಂದು ಕೇಬಲ್ ಟೈ ಹೇಳುತ್ತದೆ

ಫೋರ್ಕಿನ ಕಾಲಿಗೆ ಕೇಬಲ್ ಟೈ ಕಟ್ಟಿ ಅದರ ಬಾಲ ಡಿಸ್ಕಿಗೆ ತಾಗೀ ತಾಗದಂತೆ ಕತ್ತರಿಸಿ, ಚಕ್ರ ತಿರುಗಿಸಿ. ಸಂದು ಹೆಚ್ಚು ಕಡಿಮೆ ಆಗುವುದು ಕಣ್ಣಿಗೇ ಕಾಣುತ್ತದೆ. ಡಯಲ್ ಗೇಜ್ ಇದ್ದರೆ ಅಳೆಯಿರಿ. ಕಂಪನಿಗಳ ಕೈಪಿಡಿಗಳಲ್ಲಿ ಮಿತಿ ಕೆಲವದಕ್ಕೆ 0.15 ಮಿಲಿಮೀಟರ್, ಕೆಲವದಕ್ಕೆ 0.30. ಕಲ್ಲಿಗೆ ಬಡಿದ ಡಿಸ್ಕನ್ನು ಕಾಡಿನಲ್ಲಿ ಸ್ಪ್ಯಾನರ್ ಕೊಟ್ಟು ಬಾಗಿಸಿಕೊಂಡು ಮನೆ ಸೇರಬಹುದು. ಅದನ್ನೇ ಉಳಿಸಿಕೊಳ್ಳಬೇಡಿ. ಅಳತೆ ಮಾಡುವ ಮೊದಲು ವೀಲ್ ಬೇರಿಂಗ್ ಆಡುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಬೇರಿಂಗ್ ಹೋದ ಚಕ್ರದಲ್ಲಿ ಒಳ್ಳೆಯ ಡಿಸ್ಕೂ ಸೊಟ್ಟ ಕಾಣುತ್ತದೆ.

11. ಹೋಸ್ ಒಳಗೇ ಕೆಡುತ್ತದೆ

ಅಪರೂಪ, ಆದರೆ ಇದೆ. ಹೊರಗೆ ನೋಡಲು ಚೆನ್ನಾಗಿರುವ ಹೋಸಿನ ಒಳಪದರ ಎದ್ದು ಬಾಗಿಲಿನಂತೆ ಆಗಿಬಿಡುತ್ತದೆ. ಬೆರಳಿನ ಬಲಕ್ಕೆ ಆಯಿಲ್ ಕೆಳಗೆ ಹೋಗುತ್ತದೆ, ವಾಪಸ್ ಬರುವಾಗ ಪದರ ಮುಚ್ಚಿಕೊಳ್ಳುತ್ತದೆ. ಎರಡನೇ ಪಾಠದ ಪರೀಕ್ಷೆ ಮಾಡದೆ ಇದನ್ನು ಯಾರೂ ಹಿಡಿಯಲಾರರು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿರುವುದರಿಂದ ನಡುವೆ ಎಬಿಎಸ್ ಘಟಕವೂ ಇರುತ್ತದೆ. ಅಂಥ ಗಾಡಿಯಲ್ಲಿ ಘಟಕದ ಹಿಂದೆ ಒಮ್ಮೆ, ಮುಂದೆ ಒಮ್ಮೆ ಒತ್ತಡ ಬಿಟ್ಟು ನೋಡಬೇಕು. ಘಟಕದ ಒಳಗೇ ದೋಷ ಎಂದು ಕಂಡರೆ ಅದನ್ನು ಬಿಚ್ಚುವ ಸಾಹಸ ಬೇಡ.

12. ಕಾಡಿನ ನಡುವೆ ಹಿಡಿದುಕೊಂಡರೆ

ಗಾಡಿ ನಿಲ್ಲಿಸಿ, ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಲಿಯುವಷ್ಟು ಕಾದಿರುತ್ತದೆ. ಹೊಳೆ ನೀರು ಹೊಯ್ಯಬೇಡಿ, ಕಾದ ಡಿಸ್ಕ್ ತಿರುಚಿಕೊಳ್ಳುತ್ತದೆ. ತಣ್ಣಗಾಗಲು ಬಿಡಿ. ಅಷ್ಟರಲ್ಲಿ ಲಿವರಿನ ಅಡ್ಜಸ್ಟರ್ ಸಡಿಲಿಸಿ, ಹ್ಯಾಂಡ್ ಗಾರ್ಡ್ ತಾಗುತ್ತಿದೆಯೇ ನೋಡಿ. ತಣ್ಣಗಾದರೂ ಬಿಡದಿದ್ದರೆ ಬ್ಲೀಡ್ ನಿಪ್ಪಲನ್ನು ಕಾಲು ಸುತ್ತು ತೆರೆದು, ಒತ್ತಡ ಹೋದ ಕೂಡಲೇ ಮುಚ್ಚಿ. ಒಂದು 8 ಎಂಎಂ ಸ್ಪ್ಯಾನರ್ ಯಾವಾಗಲೂ ಚೀಲದಲ್ಲಿರಲಿ. ಆಮೇಲೆ ಮುಂದಿನ ಬ್ರೇಕು ಇಲ್ಲ ಎಂದೇ ತಿಳಿದು, ಮೊದಲ ಗೇರಿನಲ್ಲಿ, ಹಿಂದಿನ ಬ್ರೇಕಿನ ಮೇಲೆ ಬನ್ನಿ. ಇಳಿಜಾರು ಕಡಿದಾಗಿದ್ದರೆ ಇಳಿದು ತಳ್ಳಿ. ಒದ್ದೆ ಕೆಂಪು ಮಣ್ಣಿನ ತಿರುವಿನಲ್ಲಿ ಮುಂದಿನ ಚಕ್ರ ತಾನಾಗಿ ಲಾಕ್ ಆದರೆ ಎಷ್ಟು ನುರಿತ ಸವಾರನೂ ಬೀಳುತ್ತಾನೆ.

13. ಆಯಿಲ್ ಬದಲಿಸಿ

ಮೇಲೆ ಹೇಳಿದ ತೂತು ಕಟ್ಟುವುದು, ಪಿಸ್ಟನ್ ತುಕ್ಕು, ಸೀಲಿನ ಹಳ್ಳದ ಬಿಳಿ ಪುಡಿ ಇವುಗಳಲ್ಲಿ ಬಹುಪಾಲು ಹಳೆಯ ಆಯಿಲಿನಿಂದ ಬರುತ್ತವೆ. ಗ್ಲೈಕಾಲ್ ಆಯಿಲ್ ಗಾಳಿಯಿಂದಲೇ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಮಳೆ, ಮಂಜು ಇರುವ ನಮ್ಮ ಮಲೆನಾಡಿನಲ್ಲಿ ಕಂಪನಿಯವರು ಹೇಳುವ ಎರಡು ವರ್ಷ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆಯನ್ನೇ ಹಾಕಿ, ಸಿಲಿಕೋನ್ ಜಾತಿಯ ಡಾಟ್ 5 ಬೆರೆಸಬೇಡಿ, ಅಂಗಡಿಯಲ್ಲಿ ಅರ್ಧ ತೆರೆದಿಟ್ಟ ಬಾಟಲಿ ತರಬೇಡಿ. ಬ್ರೇಕಿನ ಯಾವ ಕೆಲಸ ಮಾಡಿದರೂ ಗಾಡಿ ಹೊರಡಿಸುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ, ಗ್ಯಾರೇಜಿನ ಮುಂದೆ ನಡೆಯುವ ವೇಗದಲ್ಲಿ ಎರಡು ಸಲ ಹಿಡಿದು ನೋಡಿ. ಒಂದು ಸಣ್ಣ ಬಾಟಲಿ ಆಯಿಲಿನ ಬೆಲೆ ಹೊಸ ಕ್ಯಾಲಿಪರಿನ ಬೆಲೆಯ ಮುಂದೆ ಏನೂ ಅಲ್ಲ. ಈ ವರ್ಷ ದೀಪಾವಳಿಗೆ ಗಾಡಿ ತೊಳೆದು ಪೂಜೆ ಮಾಡುವ ಮೊದಲು ಆಯಿಲ್ ಬದಲಿಸಿಕೊಳ್ಳಿ.